ಒಂದೇ ಓವನ್, ನಾಲ್ಕು ಜನ: ಮನೆಯಲ್ಲೇ ಕಳೆದ ಥ್ಯಾಂಕ್ಸ್‌ಗಿವಿಂಗ್

ಅಮೆರಿಕದಲ್ಲಿ ಸುಗ್ಗಿಯೂಟದ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬರುವುದು ನವೆಂಬರ್ ತಿಂಗಳ ನಾಲ್ಕನೇ ಗುರುವಾರ. 2025ರಲ್ಲಿ ಅದು 27ನೇ ತಾರೀಖು ಬಿತ್ತು. ಹಿಂದಿನ ದಿನ ಬುಧವಾರ ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿ ಹಿಡಿದವರಿಗೆ, ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಸಾಲು ನಿಂತವರಿಗೆ ಆ ನೂಕುನುಗ್ಗಲು ಏನೆಂದು ಗೊತ್ತು. ಈ ಸಲ ಎಲ್ಲಿಗೂ ಹೋಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಮನೆಯ ನಾಲ್ಕೇ ಜನ, ಅದರಲ್ಲಿ ಇಬ್ಬರು ಸಸ್ಯಾಹಾರಿಗಳು. ನಾಲ್ಕು ಜನರ ಅಡುಗೆ ತಾನೇ ಅನಿಸುತ್ತದೆ. ಆದರೆ ಟರ್ಕಿ ಕೋಳಿ, ಸ್ಟಫಿಂಗ್ ಎಂಬ ಬ್ರೆಡ್ಡಿನ ತಿನಿಸು, ಗೆಣಸು, ಕುಂಬಳದ ಪೈ ಎಲ್ಲಕ್ಕೂ ಬೇಕಾದ್ದು ಇರುವ ಒಂದೇ ಓವನ್, ಅದೂ ಊಟಕ್ಕೆ ಮುಂಚಿನ ಅದೇ ಎರಡು ಗಂಟೆಯಲ್ಲಿ. ಗುರುವಾರ ನೆಮ್ಮದಿಯಾಗಿ ಕೂರಬೇಕೆಂದರೆ ಕೆಲಸ ಭಾನುವಾರವೇ ಶುರುವಾಗಬೇಕು.

ಇಲ್ಲಿ ಹೇಳುವ ಶಾಖವೆಲ್ಲ ಫ್ಯಾರನ್‌ಹೀಟ್‌ನಲ್ಲಿದೆ, ಇಲ್ಲಿನ ಓವನ್‌ಗಳ ಮೇಲೆ ಬರೆದಿರುವುದು ಅದೇ. ಒಂದು ಕಪ್ ಎಂದರೆ ಸುಮಾರು 240 ಮಿ.ಲೀ., ಬೆಣ್ಣೆಯ ಒಂದು ಕಡ್ಡಿ 113 ಗ್ರಾಂ.

ಭಾನುವಾರ ಅಡುಗೆಯಿಲ್ಲ, ಫ್ರಿಜ್ ಖಾಲಿ ಮಾಡುವುದಷ್ಟೇ. ಹಳೆಯ ಸಾಂಬಾರಿನ ಡಬ್ಬ, ಅರ್ಧ ಉಳಿದ ಇಡ್ಲಿ ಹಿಟ್ಟು ಮುಗಿಸಿ, ಕೆಳಗಿನ ಅಂಕಣ ಪೂರ್ತಿ ಟರ್ಕಿಗೆ ಬಿಟ್ಟೆವು, ಮೇಲಿನದು ಪೈಗೆ. ಬುಧವಾರ ಇವೆರಡೂ ತೆರೆದೇ ಒಳಗಿರಬೇಕಾಗುತ್ತದೆ, ಆಗ ಜಾಗ ಹುಡುಕಹೊರಟರೆ ಒಂದರ ಮೇಲೊಂದು ಪೇರಿಸುವ ಪಾಡು.

ನಾಲ್ಕು ಜನಕ್ಕೆ ಇಡೀ ಟರ್ಕಿ ತರಬೇಡಿ ಎಂದೇ ನಮ್ಮ ಮಾತು. ಹೊಟ್ಟೆಗೆ ಹೆಚ್ಚಾಗುತ್ತದೆ ಎನ್ನುವುದು ಒಂದು ಕಾರಣ. ದೊಡ್ಡ ಕಾರಣ ಬೇರೆ: ಎದೆಯ ಮಾಂಸ 165 ಡಿಗ್ರಿಗೆ ಬೆಂದು ಮುಗಿಯುತ್ತದೆ, ತೊಡೆಯ ಮಾಂಸ ಮೆತ್ತಗಾಗಲು 175 ದಾಟಬೇಕು. ತೊಡೆ ಬೇಯುವವರೆಗೆ ಕಾದರೆ ಎದೆ ಒಣಗಿ ನಾರಾಗುತ್ತದೆ. ಟರ್ಕಿ ಎಂದರೆ ಸಪ್ಪೆ, ಒಣಕಲು ಎಂಬ ಹೆಸರು ಬಂದಿರುವುದು ಬಹುಮಟ್ಟಿಗೆ ಇದರಿಂದಲೇ. ಮೂಳೆಸಮೇತ ಇರುವ ಎದೆಭಾಗ ಮಾತ್ರ ಪ್ರತ್ಯೇಕ ಸಿಗುತ್ತದೆ, ಆರು ಪೌಂಡಿನದು, ಅಂದರೆ 2.7 ಕಿಲೋ. ಇಬ್ಬರು ತಿನ್ನುವ ಮನೆಗೆ ಅದೇ ಧಾರಾಳ, ಎರಡು ದಿನದ ಮಿಗತೆಯೂ ಸಿಗುತ್ತದೆ. ಕೊಳ್ಳುವಾಗ ಚೀಟಿಯ ಸಣ್ಣಕ್ಷರ ಓದಬೇಕು. ಕೆಲವಕ್ಕೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ, ಶೇಕಡಾ ಇಷ್ಟು ದ್ರಾವಣ ಸೇರಿದೆ ಎಂದು ಬರೆದಿರುತ್ತದೆ. ಅಂಥದಕ್ಕೆ ಮತ್ತೆ ಉಪ್ಪು ಹಚ್ಚಿದರೆ ಬಾಯಿಗಿಡಲಾಗದು.

ಸೋಮವಾರ ಬೆಳಿಗ್ಗೆ ಅದನ್ನು ಫ್ರೀಜರಿನಿಂದ ಫ್ರಿಜ್‌ಗೆ ಇಳಿಸಿದೆವು. 40 ಡಿಗ್ರಿಯ ಫ್ರಿಜ್‌ನಲ್ಲಿ ನಾಲ್ಕೈದು ಪೌಂಡ್ ಕರಗಲು 24 ಗಂಟೆ ಬೇಕು. ಆ ಲೆಕ್ಕಕ್ಕೆ ಆರು ಪೌಂಡಿಗೆ ಒಂದೂವರೆ ದಿನ, ನಾವು ಎರಡು ದಿನ ಕೊಟ್ಟೆವು. ಹೊದಿಕೆ ಬಿಚ್ಚದೆ, ಅಂಚಿರುವ ತಟ್ಟೆಯಲ್ಲಿಟ್ಟು, ಕೆಳಗಿನ ಅಂಕಣದಲ್ಲೇ ಇಡಬೇಕು. ಸೋರಿದ ನೀರು ಕೊತ್ತಂಬರಿ ಸೊಪ್ಪಿನ ಮೇಲೆ ಬಿದ್ದರೆ ಆ ಸೊಪ್ಪನ್ನು ಎಸೆಯುವುದೊಂದೇ ದಾರಿ. ಬುಧವಾರವೂ ನಡುವೆ ಮಂಜು ಉಳಿದಿದ್ದರೆ ತಣ್ಣೀರಿನಲ್ಲಿ ಮುಳುಗಿಸಿ, ಪೌಂಡಿಗೆ ಅರ್ಧ ಗಂಟೆಯಂತೆ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತ ಕರಗಿಸಬಹುದು. ಆದರೆ ಹಾಗೆ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು, ನಾಳೆಗೆ ಇಡುವಂತಿಲ್ಲ. ಕಟ್ಟೆಯ ಮೇಲೆ ರಾತ್ರಿಯಿಡೀ ಬಿಡುವುದು, ಬಿಸಿನೀರಿಗೆ ಹಾಕುವುದು ಎರಡೂ ತಪ್ಪು. ಒಳಗೆ ಗಡ್ಡೆ ಹಾಗೇ ಇರುತ್ತದೆ, ಹೊರಗಿನ ಮಾಂಸ ಅಷ್ಟರಲ್ಲಿ ಕೆಡಲು ಹತ್ತುತ್ತದೆ.

ಮಂಗಳವಾರ ಕ್ರ್ಯಾನ್‌ಬೆರಿಯ ದಿನ. ವರ್ಷದಲ್ಲಿ ಈ ಹಣ್ಣು ಹಸಿಯಾಗಿ ಸಿಗುವುದು ಈ ಕೆಲವೇ ವಾರ. ನ್ಯೂಜೆರ್ಸಿಯ ದಕ್ಷಿಣಕ್ಕೆ ಪೈನ್ ಬ್ಯಾರೆನ್ಸ್ ಎಂಬ ಮರಳು ನೆಲದ ಕಾಡಿದೆ, ಅಲ್ಲಿನ ಹುಳಿಮಣ್ಣಿನ ಜೌಗಿನಲ್ಲಿ ಇದನ್ನು ಬೆಳೆಯುತ್ತಾರೆ. ಕೊಯ್ಲಿನ ಹೊತ್ತಿಗೆ ಹೊಲಕ್ಕೆ ನೀರು ಬಿಟ್ಟು ಬಳ್ಳಿ ಅಲ್ಲಾಡಿಸಿದರೆ ಹಣ್ಣೆಲ್ಲ ತೇಲಿ ಬರುತ್ತದೆ. ಒಂದನ್ನು ಅಡ್ಡ ಕೊಯ್ದು ನೋಡಿದರೆ ಗುಟ್ಟು ತಿಳಿಯುತ್ತದೆ: ಒಳಗೆ ನಾಲ್ಕು ಪೊಳ್ಳು ಕೋಣೆ, ಅದರಲ್ಲಿ ಗಾಳಿ. ಗಟ್ಟಿ ಹಣ್ಣು ನೆಲಕ್ಕೆ ಬಿಟ್ಟರೆ ಪುಟಿಯುತ್ತದೆ, ಕೊಳೆತದ್ದು ಪುಟಿಯುವುದಿಲ್ಲ. ಪಾತ್ರೆಯಲ್ಲಿ ಕುದಿಯುವಾಗ ಇದೇ ಗಾಳಿ ಹಿಗ್ಗಿ ಹಣ್ಣು ಒಂದೊಂದಾಗಿ ಟಪ್ ಟಪ್ ಎಂದು ಒಡೆಯುತ್ತದೆ.

ಅಂಗಡಿಯ ಚೀಲ 12 ಔನ್ಸ್‌ನದು, ಅಂದರೆ 340 ಗ್ರಾಂ. ಸಾಸ್ ಮಾಡಲು ಒಂದು ಚೀಲಕ್ಕೆ ಒಂದು ಕಪ್ ಸಕ್ಕರೆ, ಒಂದು ಕಪ್ ನೀರು, ಚಿಟಿಕೆ ಉಪ್ಪು. ಕುದಿ ಬಂದ ಮೇಲೆ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ, ಅಷ್ಟೇ. ಇಳಿಸುವಾಗ ನೀರು ನೀರಾಗಿಯೇ ಕಾಣುತ್ತದೆ. ಇಲ್ಲೇ ಹೆಚ್ಚಿನವರು ತಪ್ಪುವುದು. ಗಟ್ಟಿಯಾಗಲಿ ಎಂದು ಇನ್ನೂ ಕುದಿಸುತ್ತ ಹೋದರೆ ತಣಿದ ಮೇಲೆ ಅದು ಚಾಕುವಿನಲ್ಲಿ ಕೊಯ್ಯುವ ಮುದ್ದೆಯಾಗುತ್ತದೆ. ಹಣ್ಣಿನಲ್ಲೇ ಪೆಕ್ಟಿನ್ ಧಾರಾಳ ಇದೆ, ಹುಳಿಯೂ ಇದೆ, ಸಕ್ಕರೆ ಸೇರಿತು. ತಣಿಯುತ್ತ ತಾನೇ ಹೆಪ್ಪುಗಟ್ಟುತ್ತದೆ.

ಇನ್ನೊಂದು ಚೀಲದಲ್ಲಿ ಗೊಜ್ಜು. ಹುಣಸೆಹಣ್ಣಿನ ಕೆಲಸವನ್ನು ಈ ಹಣ್ಣು ಎಷ್ಟು ಚೆನ್ನಾಗಿ ಮಾಡುತ್ತದೆ ಎಂದರೆ, ಇಲ್ಲಿನ ಕನ್ನಡದ ಮನೆಗಳಲ್ಲಿ ಕ್ರ್ಯಾನ್‌ಬೆರಿ ಗೊಜ್ಜು, ಕ್ರ್ಯಾನ್‌ಬೆರಿ ಚಿತ್ರಾನ್ನ ಈಗ ಸೀಸನ್ನಿನ ಅಡುಗೆಯೇ ಆಗಿವೆ. ಮೂರು ದೊಡ್ಡ ಚಮಚ ಎಳ್ಳೆಣ್ಣೆಯಲ್ಲಿ ಸಾಸಿವೆ, ಕಾಲು ಟೀ ಚಮಚ ಮೆಂತ್ಯ, ಇಂಗು, ಕರಿಬೇವು. ಮೇಲೆ ತೊಳೆದು ಒರೆಸಿದ ಹಣ್ಣು. ಒಡೆದು ಮೆತ್ತಗಾದ ಮೇಲೆ ಎರಡು ಟೀ ಚಮಚ ಅಚ್ಚಖಾರದ ಪುಡಿ, ಒಂದೂವರೆ ಟೀ ಚಮಚ ಉಪ್ಪು, ಅರಿಶಿನ, ಮುಕ್ಕಾಲು ಕಪ್ ಪುಡಿ ಬೆಲ್ಲ. ಎಣ್ಣೆ ಅಂಚಿಗೆ ಬಿಡುವವರೆಗೆ ಕುದಿಸಬೇಕು. ಹಣ್ಣು ಒದ್ದೆಯಾಗಿದ್ದರೆ ಎಣ್ಣೆ ಸಿಡಿಯುತ್ತದೆ, ಒರೆಸಲು ಹೇಳಿದ್ದು ಅದಕ್ಕೆ. ಬೆಲ್ಲ ಮೊದಲೇ ಹಾಕಿದರೆ ಹಣ್ಣು ಒಡೆಯುವ ಮುಂಚೆ ತಳ ಹಿಡಿಯುತ್ತದೆ.

ಅದೇ ಸಂಜೆ ಸ್ಟಫಿಂಗ್‌ಗೆ ಒಂದು ಪೌಂಡ್ ಬ್ರೆಡ್ಡನ್ನು ಮುಕ್ಕಾಲು ಅಂಗುಲದ ತುಂಡು ಮಾಡಿ, 275 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಒಣಗಿಸಿಟ್ಟೆವು. ಹಳೆಯ ಬ್ರೆಡ್ ಆದರೂ ಸಾಲದು. ಒಳಗಿನ ತೇವ ಹೋದರೆ ಮಾತ್ರ ಅದು ಸಾರು ಕುಡಿದೂ ಆಕಾರ ಉಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಅಂಬಲಿ.

ಬುಧವಾರವೇ ನಿಜವಾದ ಕೆಲಸದ ದಿನ. ಬೆಳಿಗ್ಗೆ ಮೊದಲು ಟರ್ಕಿಗೆ ಉಪ್ಪು. ಹೊದಿಕೆ ಬಿಚ್ಚಿ, ಗೂಡಿನೊಳಗೆ ಕೈಹಾಕಿ ಕತ್ತಿನ ತುಂಡೋ ಗ್ರೇವಿಯ ಪೊಟ್ಟಣವೋ ಇದ್ದರೆ ತೆಗೆದಿಟ್ಟೆವು. ತೊಳೆಯಲಿಲ್ಲ. ತೊಳೆದರೆ ಹಸಿ ಮಾಂಸದ ನೀರು ಸಿಂಕಿನ ಸುತ್ತ ಎರಡಡಿ ಸಿಡಿಯುತ್ತದೆ, ರೋಗಾಣು ಸಾಯುವುದು ಓವನ್ನಿನಲ್ಲೇ ಹೊರತು ನಲ್ಲಿಯ ಕೆಳಗಲ್ಲ. ಕಾಗದದ ಟವೆಲಿನಲ್ಲಿ ಚೆನ್ನಾಗಿ ಒರೆಸಿ, 15 ಗ್ರಾಂ ಉಪ್ಪನ್ನು ಚರ್ಮದ ಮೇಲೆ, ಬೆರಳು ತೂರಿಸಿ ಚರ್ಮದ ಅಡಿಗೆ, ಮೂಳೆಯ ಕಡೆಗೆ ಹಚ್ಚಬೇಕು. ಉಪ್ಪನ್ನು ತೂಗಿಯೇ ಹಾಕಿ. ದಪ್ಪ ಹರಳಿನ ಕೋಷರ್ ಉಪ್ಪು ಒಂದು ಚಮಚಕ್ಕೆ ಕಡಿಮೆ ತೂಗುತ್ತದೆ, ಪುಡಿ ಉಪ್ಪು ಅದರ ಹೆಚ್ಚುಕಡಿಮೆ ಎರಡು ಪಟ್ಟು. ಪಾಕವಿಧಾನದಲ್ಲಿ ಎರಡು ಚಮಚ ಎಂದಿದೆ ಎಂದು ಪುಡಿ ಉಪ್ಪು ಹಾಕಿ ಕೆಡಿಸಿಕೊಂಡವರು ಬಹಳ.

ಆಮೇಲೆ ಜಾಲರಿಯ ಮೇಲೆ ತೆರೆದೇ ಫ್ರಿಜ್‌ನೊಳಕ್ಕೆ. ಒಂದು ಗಂಟೆಯಲ್ಲಿ ಮೇಲೆಲ್ಲ ಬೆವರಿದ ಹಾಗೆ ನೀರು ನಿಲ್ಲುತ್ತದೆ. ರಾತ್ರಿ ನೋಡಿದರೆ ಆ ನೀರಿಲ್ಲ. ಉಪ್ಪು ಎಳೆದ ನೀರಿನಲ್ಲಿ ತಾನೇ ಕರಗಿ, ಮತ್ತೆ ಮಾಂಸದೊಳಕ್ಕೆ ಇಳಿದಿರುತ್ತದೆ. ಗುರುವಾರದ ಹೊತ್ತಿಗೆ ಚರ್ಮ ಒಣಗಿ ಬಿಗಿದು ಅರೆಪಾರದರ್ಶಕವಾಗಿ, ಹಳೆಯ ಎಣ್ಣೆಕಾಗದದ ಹಾಗೆ ಕಾಣುತ್ತದೆ. ಆ ನೋಟ ಬಂದರೆ ಮಾತ್ರ ಓವನ್ನಿನಲ್ಲಿ ಗರಿಗರಿ.

ಕುಂಬಳದ ಪೈ ಕೂಡ ಬುಧವಾರವೇ ಮುಗಿಯಬೇಕು. ಹ್ಯಾಲೋವೀನ್‌ನಲ್ಲಿ ಕೊರೆಯುವ ಕಿತ್ತಳೆ ಬಣ್ಣದ ದೊಡ್ಡ ಕುಂಬಳ ಇದಕ್ಕೆ ಬರುವುದಿಲ್ಲ, ಅದು ಬರೀ ನೀರು, ನಾರು. ಡಬ್ಬದಲ್ಲಿ ಬರುವ ತಿರುಳು ಹೆಚ್ಚಾಗಿ ಡಿಕಿನ್ಸನ್ ಎಂಬ ತಳಿಯದು, ಇಲಿನಾಯ್ ರಾಜ್ಯದ ಮಾರ್ಟನ್ ಸುತ್ತ ಬೆಳೆಯುತ್ತಾರೆ. ಹೊರಗೆ ಮಣ್ಣಿನ ಬಣ್ಣದ ಸಿಪ್ಪೆ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಸಿಹಿಗುಂಬಳದ ಜಾತಿಯೇ: ಕುಕುರ್ಬಿಟಾ ಮೊಸ್ಕಾಟಾ. ಆದ್ದರಿಂದ ಇಂಡಿಯನ್ ಅಂಗಡಿಯ ಸಿಹಿಗುಂಬಳದ ಹೋಳನ್ನು ಓವನ್ನಿನಲ್ಲಿ ಸುಟ್ಟು ರುಬ್ಬಿ, ಬಟ್ಟೆಯಲ್ಲಿ ನೀರು ಬಸಿದರೂ ಪೈ ಚೆನ್ನಾಗಿಯೇ ಬರುತ್ತದೆ. ಬಸಿಯದಿದ್ದರೆ ಹೂರಣ ಕೂರುವುದಿಲ್ಲ.

ಹೊರಕವಚಕ್ಕೆ 160 ಗ್ರಾಂ ಮೈದಾ, ಅರ್ಧ ಟೀ ಚಮಚ ಉಪ್ಪು, ಒಂದು ಕಡ್ಡಿ ಬೆಣ್ಣೆ, ಮೂರ್ನಾಲ್ಕು ದೊಡ್ಡ ಚಮಚ ಐಸ್ ನೀರು. ಬೆಣ್ಣೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಿರಬೇಕು, ಹಿಟ್ಟಿನಲ್ಲಿ ಅವರೆಕಾಳಿನ ಗಾತ್ರದ ಚೂರಾಗಿ ಉಳಿಯಬೇಕು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕೆಟ್ಟಿತು. ನಮ್ಮ ಕೈಗೆ ನಾದುವ ರೂಢಿ ಇರುವುದರಿಂದ ಇಲ್ಲಿ ಬಲವಂತವಾಗಿ ಕೈ ತಡೆಯಬೇಕಾಗುತ್ತದೆ. ನಾದಿದ ಹಿಟ್ಟು ಓವನ್ನಿನಲ್ಲಿ ಮುದುಡಿ ತಟ್ಟೆಯ ಅಂಚಿನಿಂದ ಕೆಳಗಿಳಿಯುತ್ತದೆ. ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಲಟ್ಟಿಸಿ 9 ಅಂಗುಲದ ಪೈ ತಟ್ಟೆಗೆ ಹಾಸಿ, ಮೇಲೆ ಕಾಗದ ಹಾಕಿ ಒಣ ರಾಜ್ಮಾ ತುಂಬಿ 400 ಡಿಗ್ರಿಯಲ್ಲಿ 20 ನಿಮಿಷ, ಕಾಳು ತೆಗೆದು ಇನ್ನಾರು ನಿಮಿಷ. ಹೀಗೆ ಮೊದಲೇ ಬೇಯಿಸದಿದ್ದರೆ ತಳ ಹಸಿ ಹಸಿಯಾಗಿ ಉಳಿಯುತ್ತದೆ.

ಹೂರಣಕ್ಕೆ 425 ಗ್ರಾಂನ ಒಂದು ಡಬ್ಬ ತಿರುಳು, 12 ಔನ್ಸ್‌ನ ಇವಾಪೊರೇಟೆಡ್ (ಸಕ್ಕರೆಯಿಲ್ಲದೆ ಗಟ್ಟಿ ಮಾಡಿದ) ಹಾಲಿನ ಡಬ್ಬ, ಮುಕ್ಕಾಲು ಕಪ್ ಸಕ್ಕರೆ, ಎರಡು ಮೊಟ್ಟೆ, ಒಂದು ಟೀ ಚಮಚ ಚಕ್ಕೆಪುಡಿ, ಅರ್ಧ ಟೀ ಚಮಚ ಒಣಶುಂಠಿ, ಕಾಲು ಟೀ ಚಮಚ ಲವಂಗದ ಪುಡಿ, ಅರ್ಧ ಟೀ ಚಮಚ ಉಪ್ಪು. ಡಬ್ಬ ತರುವಾಗ ಎರಡು ಕಡೆ ಎಡವುತ್ತಾರೆ. ಬರೀ ತಿರುಳಿನ ಡಬ್ಬದ ಪಕ್ಕದಲ್ಲೇ ಸಕ್ಕರೆ, ಮಸಾಲೆ ಬೆರೆಸಿದ ಇನ್ನೊಂದು ಡಬ್ಬ ಕೂತಿರುತ್ತದೆ. ಇವಾಪೊರೇಟೆಡ್ ಹಾಲಿನ ಪಕ್ಕದಲ್ಲಿ ನಮ್ಮ ಮಿಲ್ಕ್‌ಮೇಡ್ ಥರದ ಸಿಹಿ ಕಂಡೆನ್ಸ್‌ಡ್ ಹಾಲು. ಮೊಟ್ಟೆ ಬೇಡದವರಿಗೆ ಮೂರು ದೊಡ್ಡ ಚಮಚ ಕಾರ್ನ್ ಫ್ಲೋರ್ ಅದೇ ಹಾಲಿನಲ್ಲಿ ಕಲಸಿ ಹಾಕಿದರೆ ಕೂರುತ್ತದೆ. ಸಸ್ಯಾಹಾರಿಗಳಿರುವ ಮನೆಯಲ್ಲಿ ಇನ್ನೂ ಕೆಲವು ಚೀಟಿ ಓದಬೇಕು: ಅಂಗಡಿಯ ಕೆಲವು ಪೈ ಕವಚದಲ್ಲಿ ಹಂದಿಯ ಕೊಬ್ಬು, ಪೆಟ್ಟಿಗೆಯ ಸ್ಟಫಿಂಗ್‌ನಲ್ಲಿ ಕೋಳಿಯ ಸಾರಿನ ಪುಡಿ, ಗೆಣಸಿನ ಮೇಲೆ ಹಾಕುವ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್.

350 ಡಿಗ್ರಿಯಲ್ಲಿ 50ರಿಂದ 60 ನಿಮಿಷ. ಅಂಚು ಗಟ್ಟಿಯಾಗಿ, ನಡುವಿನ ಎರಡು ಅಂಗುಲ ಮಾತ್ರ ತಟ್ಟೆ ಅಲ್ಲಾಡಿಸಿದರೆ ಗಿಣ್ಣಿನ ಹಾಗೆ ತುಳುಕಬೇಕು, ಆಗಲೇ ತೆಗೆಯುವುದು. ನಡುವೂ ಗಟ್ಟಿಯಾಗಲಿ ಎಂದು ಬಿಟ್ಟರೆ ತಣಿಯುವಾಗ ಹೂರಣ ಎಳೆದುಕೊಂಡು ಬಿರುಕು ಬಿಡುತ್ತದೆ. ಎರಡು ಗಂಟೆ ಹೊರಗೆ ತಣಿಸಿಯೇ ಫ್ರಿಜ್‌ಗೆ ಇಡಬೇಕು, ಬಿಸಿಯಲ್ಲಿ ಇಟ್ಟರೆ ಮೇಲೆ ನೀರು ಕೂರುತ್ತದೆ. ಪೈ ಬೇಯುವಾಗ ಕೆಳಗಿನ ಸಾಲಿನಲ್ಲಿ ಎರಡು ಪೌಂಡ್ ಗೆಣಸೂ ಸುಟ್ಟುಕೊಂಡಿತು. ರಾತ್ರಿ ಅದನ್ನು ಮಸೆದು ಬೆಣ್ಣೆ, ಬೆಲ್ಲ, ಉಪ್ಪು ಸೇರಿಸಿ, ಮೇಲೆ ಪಿಕಾನ್ ಬೀಜ ಉದುರಿಸಿ ಮುಚ್ಚಿಟ್ಟಿದ್ದಾಯಿತು. ಈರುಳ್ಳಿ, ಸೆಲರಿ, ಹುರುಳಿಕಾಯಿ ಹೆಚ್ಚಿದ್ದೂ ಬುಧವಾರವೇ. ಗುರುವಾರ ದೊಡ್ಡ ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ, ಬೆಣ್ಣೆಯೋ ಹಾಲೋ ಮರೆತಿದ್ದರೆ ನೆನಪಾಗಬೇಕಾದ್ದು ಈ ರಾತ್ರಿಯೇ.

ಗುರುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಫಿ ಬಿಟ್ಟರೆ ಬೇರೆ ಕೆಲಸವಿಲ್ಲ. ಈ ಎರಡು ಮೂರು ಗಂಟೆಗಾಗಿಯೇ ಅಷ್ಟು ದಿನದ ಸಿದ್ಧತೆ. ಟಿವಿಯಲ್ಲಿ ಮೇಸೀಸ್ ಎಂಬ ದೊಡ್ಡ ಅಂಗಡಿ ನಡೆಸುವ ಬಲೂನುಗಳ ಮೆರವಣಿಗೆ. 1924ರಲ್ಲಿ ಶುರುವಾದದ್ದು, ಯುದ್ಧಕ್ಕೆ ರಬ್ಬರು, ಹೀಲಿಯಂ ಬೇಕಾಗಿ 1942ರಿಂದ 44ರವರೆಗೆ ನಿಂತಿತ್ತು. ಮ್ಯಾನ್‌ಹಟನ್‌ನ 77ನೇ ಬೀದಿಯಿಂದ ಹೊರಟು ಎರಡೂವರೆ ಮೈಲಿ ನಡೆದು 34ನೇ ಬೀದಿಯ ಅಂಗಡಿಯ ಮುಂದೆ ಮುಗಿಯುತ್ತದೆ. ನವೆಂಬರಿನಲ್ಲಿ ನಮಗೂ ಊರಿಗೂ ಹತ್ತೂವರೆ ಗಂಟೆ ಅಂತರ, ಇಲ್ಲಿ ಒಂಬತ್ತಾದರೆ ಅಲ್ಲಿ ಸಂಜೆ ಏಳೂವರೆ. ಊರಿಗೆ ಫೋನ್ ಮಾಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಅವರಿಗೂ ಊಟಕ್ಕೆ ಮುಂಚಿನ ಬಿಡುವು.

ಮಕ್ಕಳಿರುವ ಮನೆಯಲ್ಲಿ ಹಬ್ಬದ ಕತೆಯನ್ನೂ ಈ ಹೊತ್ತಿಗೆ ಪೂರ್ತಿಯಾಗಿ ಹೇಳುವುದು ಒಳ್ಳೆಯದು. 1621ರಲ್ಲಿ ಈಗಿನ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸಿಗರೂ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರೂ ಮೂರು ದಿನ ಸುಗ್ಗಿಯೂಟ ಉಂಡದ್ದು ನಿಜ, ಐದು ಜಿಂಕೆ ತಂದವರು ವಾಂಪನೋಗರೇ. ದೇಶದ ಹಬ್ಬವೆಂದು ಅಧ್ಯಕ್ಷ ಲಿಂಕನ್ ಸಾರಿದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. ನಾಲ್ಕನೇ ಗುರುವಾರವೆಂದು ಕಾನೂನಾದದ್ದು 1941ರಲ್ಲಿ. ಅದೇ ಪ್ಲಿಮತ್‌ನಲ್ಲಿ 1970ರಿಂದ ಮೂಲನಿವಾಸಿಗಳು ಈ ದಿನವನ್ನು ಶೋಕದಿನವಾಗಿ ಆಚರಿಸುತ್ತ ಬಂದಿದ್ದಾರೆ. ಶಾಲೆಯಲ್ಲಿ ಗರಿ ಅಂಟಿಸಿದ ಟೋಪಿ ಮಾಡಿಕೊಂಡು ಬಂದ ಮಗುವಿಗೆ ಇದೂ ತಿಳಿದಿರಬೇಕು.

ಊಟ ಮೂರೂವರೆಗೆ. ಹನ್ನೆರಡಕ್ಕೆ ಟರ್ಕಿ ಹೊರತೆಗೆದು, ಎರಡು ದೊಡ್ಡ ಚಮಚ ಬೆಣ್ಣೆಗೆ ಸೇಜ್, ಥೈಮ್ ಎಂಬ ಘಮದ ಸೊಪ್ಪು, ಕರಿಮೆಣಸು ಬೆರೆಸಿ ಚರ್ಮದ ಅಡಿಗೆ ತುಂಬಿದೆವು. ತಟ್ಟೆಯಲ್ಲಿ ಈರುಳ್ಳಿ, ಕ್ಯಾರೆಟ್, ಒಂದು ಕಪ್ ನೀರು, ಮೇಲೆ ಜಾಲರಿ. ಆ ನೀರಿಲ್ಲದಿದ್ದರೆ ಸೋರಿದ ಕೊಬ್ಬು ಸೀದು ಹೊಗೆಯೆದ್ದು, ಅಲಾರಂ ಕೂಗಿ ಮನೆಯವರೆಲ್ಲ ಎದ್ದು ನಿಲ್ಲಬೇಕಾಗುತ್ತದೆ. 12:30ಕ್ಕೆ 350 ಡಿಗ್ರಿಯ ಓವನ್ನಿಗೆ. ಎರಡು ಗಂಟೆಯ ಆಸುಪಾಸು ಸಾಕು, ಆದರೆ ಗಡಿಯಾರ ನಂಬಬಾರದು. ಒಂದೂವರೆ ಗಂಟೆಯಿಂದಲೇ ಥರ್ಮಾಮೀಟರ್ ಚುಚ್ಚಿ ನೋಡಬೇಕು, ಅತಿ ದಪ್ಪ ಜಾಗಕ್ಕೆ, ಪಕ್ಕದಿಂದ, ಮೂಳೆಗೆ ತಾಗದಂತೆ. ಮೂಳೆಗೆ ತಾಗಿದರೆ ಅಂಕಿ ಸುಳ್ಳು. ಬೆಂದಿತೆಂದು ತಿಳಿಸಲು ಕೆಲವಕ್ಕೆ ಸಿಕ್ಕಿಸಿ ಬರುವ ಪ್ಲಾಸ್ಟಿಕ್ ಮೊಳೆ ಮೇಲೇಳುವ ಹೊತ್ತಿಗೆ ಮಾಂಸ ಒಣಗಿರುತ್ತದೆ. 160ಕ್ಕೆ ಹೊರತೆಗೆದು ಫಾಯಿಲ್ ಸಡಿಲವಾಗಿ ಹೊದಿಸಿದರೆ, ಒಳಗಿನ ಬಿಸಿಯಲ್ಲೇ 165 ಮುಟ್ಟುತ್ತದೆ. ಮುಟ್ಟಿದ್ದನ್ನು ಮತ್ತೊಮ್ಮೆ ಚುಚ್ಚಿ ಖಾತ್ರಿ ಮಾಡಿಕೊಳ್ಳಬೇಕು, ಮುಟ್ಟದಿದ್ದರೆ ಮರಳಿ ಓವನ್ನಿಗೆ.

ಒಂದೇ ಓವನ್ನಿನ ಮನೆಗೆ ದಾರಿ ತೆರೆಯುವುದು ಇಲ್ಲೇ. ಮಾಂಸ 40 ನಿಮಿಷ ಸುಮ್ಮನಿರಬೇಕು, ಬೇಗ ಕೊಯ್ದರೆ ರಸವೆಲ್ಲ ಹಲಗೆಗೆ ಹರಿಯುತ್ತದೆ. ಅದೇ 40 ನಿಮಿಷ ಸ್ಟಫಿಂಗ್‌ಗೂ ಗೆಣಸಿಗೂ ಸಾಕು. ಒಂದು ಕಡ್ಡಿ ಬೆಣ್ಣೆಯಲ್ಲಿ ಎರಡು ಕಪ್ ಈರುಳ್ಳಿ, ಎರಡು ಕಪ್ ಸೆಲರಿ ಬಾಡಿಸಿ, ಒಣ ಬ್ರೆಡ್, ಸೇಜ್, ಎರಡೂವರೆ ಕಪ್ ತರಕಾರಿ ಸಾರು ಕಲಸಿ, 375ರಲ್ಲಿ ಮುಚ್ಚಿ 25 ನಿಮಿಷ, ತೆರೆದು 15 ನಿಮಿಷ. ಹಕ್ಕಿಯ ಹೊಟ್ಟೆಯೊಳಗೆ ತುಂಬುವ ಪದ್ಧತಿ ನಾವು ಬಿಟ್ಟಿದ್ದೇವೆ. ಒಳಗಿನ ಬ್ರೆಡ್ಡಿಗೆ 165 ಬರುವಷ್ಟರಲ್ಲಿ ಮಾಂಸ ಕೆಟ್ಟಿರುತ್ತದೆ, ಸಸ್ಯಾಹಾರಿಗಳಿಗೂ ಅದು ಸಲ್ಲದು.

ಒಲೆಯ ಮೇಲೆ ಅಷ್ಟರಲ್ಲಿ ಎರಡೂವರೆ ಪೌಂಡ್ ಆಲೂಗಡ್ಡೆ. ತಣ್ಣೀರಿನಿಂದಲೇ ಬೇಯಿಸಬೇಕು, ಕುದಿನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಗಟ್ಟಿ. ಬಸಿದು, ಪಾತ್ರೆಯಲ್ಲೇ ಎರಡು ನಿಮಿಷ ನೀರಾರಿಸಿ, ಕೈಯಲ್ಲಿ ಮಸೆದು, ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು. ಮಿಕ್ಸಿಗೆ ಹಾಕಿದರೆ ಪಿಷ್ಟ ಒಡೆದು ಗೋಂದಾಗುತ್ತದೆ. ಹುರುಳಿಕಾಯಿಗೆ ಇಲ್ಲಿನವರು 1955ರಲ್ಲಿ ಹುಟ್ಟಿದ ಕ್ಯಾಸರೋಲ್ ಎಂಬ ಬೇಯಿಸಿದ ತಿನಿಸು ಮಾಡುತ್ತಾರೆ. ಅದಕ್ಕೂ ಓವನ್ ಬೇಕು, ನಾವು ತೆಂಗಿನತುರಿ ಹಾಕಿ ಪಲ್ಯ ಮಾಡಿದೆವು. ಅಷ್ಟು ಬೆಣ್ಣೆಯ ನಡುವೆ ನಾಲಿಗೆಗೆ ಅದೇ ಹಿತ. ಗ್ರೇವಿಗೆ ತಟ್ಟೆಯ ಕೊಬ್ಬು ಮೂರು ದೊಡ್ಡ ಚಮಚ, ಮೈದಾ ಮೂರು ಚಮಚ, ಹೊಂಬಣ್ಣಕ್ಕೆ ಹುರಿದು, ತಟ್ಟೆಯ ರಸಕ್ಕೆ ಸಾರು ಸೇರಿಸಿ ಎರಡು ಕಪ್ ಮಾಡಿ ಸ್ವಲ್ಪಸ್ವಲ್ಪವೇ ಹೊಯ್ಯುತ್ತ ತಿರುವಬೇಕು. ಉಪ್ಪು ಕೊನೆಗೆ, ರುಚಿ ನೋಡಿ. ಇನ್ನೊಂದು ಬಾಣಲೆಯಲ್ಲಿ ಅಣಬೆ ಹುರಿದು, ಬೆಣ್ಣೆಯಲ್ಲಿ ಇದೇ ಕ್ರಮದ ಸಸ್ಯಾಹಾರಿ ಗ್ರೇವಿ.

ಊಟ ಮುಗಿಯುವ ಹೊತ್ತಿಗೆ, ನಾಲ್ಕೂವರೆಗೆಲ್ಲ, ಹೊರಗೆ ಕತ್ತಲಾಗುತ್ತ ಬಂದಿತ್ತು. ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್, ಡೆಟ್ರಾಯಿಟ್ ಲಯನ್ಸ್ ತಂಡದ ಆಟ ಮುಗಿದು ಡಲ್ಲಾಸ್ ಕೌಬಾಯ್ಸ್ ಸರದಿ. ಪೈ ಕೊಯ್ಯುವ ಮುಂಚೆ ಮಿಕ್ಕದ್ದನ್ನು ಎತ್ತಿಡುವ ಕೆಲಸ ಮುಗಿಸಿದೆವು. ಬೇಯಿಸಿದ್ದು ಹೊರಗಿರಬಹುದಾದ್ದು ಎರಡು ಗಂಟೆ ಮಾತ್ರ. ಮಾಂಸವನ್ನು ಮೂಳೆಯಿಂದ ಬಿಡಿಸಿ, ಎರಡಂಗುಲಕ್ಕಿಂತ ಆಳವಿಲ್ಲದ ಡಬ್ಬಗಳಲ್ಲಿ ಹರಡಿಟ್ಟರೆ ಬೇಗ ತಣಿಯುತ್ತದೆ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ, ಅದಕ್ಕೂ ಹೆಚ್ಚು ಉಳಿಯುವಂತಿದ್ದರೆ ಶುಕ್ರವಾರವೇ ಫ್ರೀಜರಿಗೆ. ಸಿಂಕಿನಡಿಯ ಕಸ ಅರೆಯುವ ಯಂತ್ರಕ್ಕೆ ಆಲೂಗಡ್ಡೆ ಸಿಪ್ಪೆ, ಸೆಲರಿ ನಾರು ಹಾಕಬೇಡಿ. ಕೊಬ್ಬನ್ನಂತೂ ಸುರಿಯಲೇಬೇಡಿ, ಕೊಳವೆಯಲ್ಲಿ ಮೇಣದ ಹಾಗೆ ಹೆಪ್ಪುಗಟ್ಟುತ್ತದೆ. ಖಾಲಿ ಡಬ್ಬಕ್ಕೆ ಬಸಿದು, ಗಟ್ಟಿಯಾದ ಮೇಲೆ ಕಸಕ್ಕೆ.

ಮೂಳೆಗಳು ಅದೇ ರಾತ್ರಿ ಕುಕ್ಕರಿಗೆ ಹೋದವು: ಒಂದು ಈರುಳ್ಳಿ, ಹತ್ತು ಕಾಳುಮೆಣಸು, ಮೂರನೇ ಎರಡು ಭಾಗ ಮೀರದಷ್ಟು ನೀರು. ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ 40 ನಿಮಿಷ. ಸೋಸಿದ ಆ ರಸಕ್ಕೆ ಮರುದಿನ ಮೆಣಸು, ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ಹಾಕಿದರೆ ಒಳ್ಳೆಯ ಸಾರು. ಟರ್ಕಿ ಚೂರನ್ನು ಕೊನೆಗೆ ಹಾಕಿ ಬಿಸಿ ಮಾಡಿದರೆ ಸಾಕು, ಕುದಿಸಿದರೆ ಬಿರುಸಾಗುತ್ತದೆ. ಮಿಕ್ಕ ಆಲೂಗಡ್ಡೆಯಲ್ಲಿ ಬೋಂಡಾ ಮಾಡಹೊರಟರೆ ಉಂಡೆ ನಿಲ್ಲುವುದಿಲ್ಲ, ಬೆಣ್ಣೆ, ಹಾಲು ಕುಡಿದಿರುತ್ತದಲ್ಲ. ಒಂದು ಕಪ್ಪಿಗೆ ಮೂರು ದೊಡ್ಡ ಚಮಚ ಅವಲಕ್ಕಿ ಪುಡಿ ಬೆರೆಸಿ, ಹಸಿಮೆಣಸು, ಶುಂಠಿ, ಕೊತ್ತಂಬರಿ ಸೇರಿಸಿ, ಉಂಡೆ ಕಟ್ಟಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಕಡಲೆಹಿಟ್ಟು ಮಾಮೂಲಿಗಿಂತ ತುಸು ಗಟ್ಟಿಯಾಗಿ ಕಲಸಿ ಕರಿದರೆ ಎಣ್ಣೆಯಲ್ಲಿ ಒಡೆಯುವುದಿಲ್ಲ. ನಂಚಿಕೊಳ್ಳಲು ಮಂಗಳವಾರದ ಗೊಜ್ಜು, ಅಷ್ಟರಲ್ಲಿ ಖಾರ, ಬೆಲ್ಲ ಎರಡೂ ಹಣ್ಣಿಗೆ ಹಿಡಿದಿರುತ್ತವೆ.